ಕೆಂಪು ದೀಪದ ಮುಂದೆ ಎರಡೂವರೆ ಗಂಟೆ

ನಮ್ಮ ಮನೆಯಲ್ಲಿ ಅನ್ನ ಬೇಯುವುದು ತಡವಾದರೆ ಯಾರೂ ಒಲೆಯನ್ನು ಬೈಯುವುದಿಲ್ಲ. ‘ಸಿಗ್ನಲ್ ಕೆಟ್ಟಿದೆ’ ಅನ್ನುತ್ತಾರೆ. ಹಾಲಿನವನು ಬರಲಿಲ್ಲವೆಂದರೆ ಸಿಗ್ನಲ್ ಕೆಟ್ಟಿದೆ. ಮಕ್ಕಳೇ, ನಿಮ್ಮಪ್ಪ ಬಚ್ಚಲಮನೆಯಿಂದ ಹೊರಗೆ ಬರಲಿಲ್ಲವೆಂದರೂ ಸಿಗ್ನಲ್ ಕೆಟ್ಟಿದೆ. ಕೊಳ್ಳೇಗಾಲದಲ್ಲಿ ರೈಲೇ ಇಲ್ಲ. ಆದರೂ ನಮ್ಮ ಮಾತು ಕೇಳಿ ಕೇಳಿ, ಪಕ್ಕದ ಮನೆಗೆ ಬಾಡಿಗೆಗೆ ಬಂದವರು ನಮ್ಮನ್ನು ರೈಲ್ವೆ ಕೆಲಸದವರು ಅಂದುಕೊಂಡಿದ್ದರಂತೆ.

ಕಳೆದ ಮಂಗಳವಾರ ಸಂಜೆ ಸಿಂಚನ ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. “ಮೈಸೂರಿಗೆ ಒಂದು ಫೋನ್ ಮಾಡವ್ವ. ನಿಮ್ಮಕ್ಕ ಶನಿವಾರ ಬತ್ತಾಳಂತೆ. ಚಾಮರಾಜನಗರಕ್ಕೆ ಯಾವ ರೈಲ್ಗೆ ಅಂತ ಕೇಳು” ಅಂದೆ. ಅವಳು ತಲೆ ಎತ್ತಲಿಲ್ಲ. “ನಮ್ ಕಡೆ ಇನ್ನೂ ಸಿಗ್ನಲ್ ಕೆಟ್ಟದೆ ಅಜ್ಜಿ” ಅಂದಳು. ಅಡುಗೆಮನೆಯಿಂದ ನಿಮ್ಮಮ್ಮ ನಕ್ಕಳು. ನಾನೂ ನಗಬೇಕಿತ್ತು. ನಾನು ಕಾಳನ್ನು ಸಿಪ್ಪೆಯ ಮೊರಕ್ಕೆ ಹಾಕಿ, ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿ ಎದ್ದು ಹೋದೆ. ಸಾರಿನಲ್ಲಿ ಸಿಪ್ಪೆ ಬಂತು ಅಂತ ಆಮೇಲೆ ಎಲ್ಲರೂ ಆಡಿಕೊಂಡಿರಿ.

ಕಾವ್ಯ, ಸಿಂಚನ, ನೀವಿಬ್ಬರೂ ಮಾತು ಬಿಟ್ಟು ಮೂರು ವಾರವಾಯಿತು. ಕಾರಣ ಇಡೀ ಬೀದಿಗೆ ಗೊತ್ತು. ಚಿಕ್ಕಂದಿನಲ್ಲಿ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟ ದಿನ ಸಿಂಚನ ಬೋಳುತಲೆಗೆ ಗಂಧ ಮೆತ್ತಿಕೊಂಡು, ಕಿರುನಾಲಗೆ ಕಾಣುವಷ್ಟು ಬಾಯಿ ತೆರೆದು ಅಳುತ್ತಿರುವ ಫೋಟೊವನ್ನು ಮೈಸೂರಿನಲ್ಲಿ ಓದುತ್ತಿರುವ ಕಾವ್ಯ ಗೆಳತಿಯರಿಗೆಲ್ಲ ಕಾಣುವಂತೆ ಮೊಬೈಲಿಗೆ ಹಾಕಿದಳು. ಇಷ್ಟಕ್ಕೆ ಮೂರು ವಾರವೇ ಅಂತ ನಿಮ್ಮಮ್ಮ ಬೈದಳು. ನಾನು ಬೈಯಲಿಲ್ಲ. ಬೈಯುವ ಬಾಯಿ ನನಗಿಲ್ಲ. ನಾನು ಇದಕ್ಕಿಂತ ಸಣ್ಣ ವಿಷಯಕ್ಕೆ ಮೂರು ವರ್ಷ ಮಾತು ಬಿಟ್ಟವಳು.

ಅದನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಮುಖ ನೋಡಿದರೆ ನನಗೆ ನಾಲಗೆ ಒಣಗುತ್ತದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇ ನನ್ನ ಆಸ್ತಿ. ಆದ್ದರಿಂದ ಬರೆಯುತ್ತಿದ್ದೇನೆ. ಕಾವ್ಯಳ ಹಳೆಯ ನೋಟ್‌ಬುಕ್ಕಿನಲ್ಲಿ ಹಾಳೆ ಉಳಿದಿದ್ದವು. ಹಿಂದಿನ ಪುಟದಲ್ಲಿ ಕಪ್ಪೆಯ ಹೊಟ್ಟೆ ಕೊಯ್ದ ಚಿತ್ರವಿದೆ. ಅದನ್ನು ನಾನು ಬರೆದದ್ದಲ್ಲ.

ನಮ್ಮ ಕೊಳ್ಳೇಗಾಲದ ಸೀಮೆಗೆ ರೈಲು ಬರುತ್ತದೆ ಅಂತ ನಾನು ಲಂಗ ಹಾಕುವ ಕಾಲದಿಂದ ಕೇಳುತ್ತಿದ್ದೇನೆ. ಲಂಗ ಹೋಗಿ ಸೀರೆ ಬಂತು, ಮಕ್ಕಳು ಬಂದರು, ಮೊಮ್ಮಕ್ಕಳು ಬಂದಿರಿ, ರೈಲು ಮಾತ್ರ ಇನ್ನೂ ಬಂದಿಲ್ಲ. ಹಾಗಾಗಿ ನಮಗೆ ಗೊತ್ತಿದ್ದದ್ದು ಬಸ್ಸೊಂದೇ. ನಾನು ಮದುವೆಯಾಗಿ ಹೋದ ಶಾಗ್ಯದಲ್ಲಿ ಬಸ್ಸು ಅಂದರೆ ಮನೆಯ ಒಬ್ಬ ಆಳಿದ್ದ ಹಾಗೆ. ಒಂದು ಮನೆಯಿಂದ ಹೊರಡುವವರು ಮೂರು ಜನವಿದ್ದರೆ ಒಬ್ಬರು ಮುಂದೆ ಓಡಿಹೋಗಿ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ನಿಲ್ಲುತ್ತಿದ್ದರು. ನೆಲದ ಕಾಲು ಎತ್ತುವ ತನಕ ಬಸ್ಸು ಹೊರಡುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನಿಮ್ಮ ತಾತನದು. “ನಂಜಪ್ಪಣ್ಣ, ಅಕ್ಕಾವ್ರು ಜಡೆ ಎಣ್ಕಂಡಾಯ್ತಾ? ಇಲ್ಲಾಂದ್ರೆ ನಾವೂ ಒಂದ್ ಟೀ ಕುಡ್ಕಂಡ್ ಬತ್ತೀವಿ” ಅಂತ ಕಂಡಕ್ಟರು ಕೂಗುತ್ತಿದ್ದ. ನಾನು ತಲೆ ತಗ್ಗಿಸಿಕೊಂಡು ಬಂದು ಹತ್ತುತ್ತಿದ್ದೆ. ಹೊರಡುವುದೆಲ್ಲ ನಮಗಾಗಿ ಕಾಯುತ್ತದೆ ಅಂತ ನಾನು ನಂಬಿದ್ದು ಆ ಬಸ್ಸಿನಿಂದ. ಮನುಷ್ಯರೂ ಹಾಗೇ ಕಾಯುತ್ತಾರೆ ಅಂದುಕೊಂಡೆ.

ನನಗೊಬ್ಬಳು ಅಕ್ಕ ಇದ್ದಳು. ಅವಳು ದೊಡ್ಡತಾಯಿ, ನಾನು ಚಿಕ್ಕತಾಯಿ. ಯಳಂದೂರಿನ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಎರಡು ವರ್ಷ ದೊಡ್ಡವಳಾದರೂ ಅಕ್ಕ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಒಂದು ದಿನ ಪಾಠದಲ್ಲಿ ರೈಲಿನ ಚಿತ್ರ ಬಂತು. ರೈಲು ನೋಡಿದವರು ಕೈ ಎತ್ತಿ ಅಂದರು ಮೇಷ್ಟ್ರು. ಒಂದೇ ಒಂದು ಕೈ ಮೇಲೆ ಹೋಯಿತು. ನಮ್ಮಕ್ಕನದು.

“ಎಲ್ಲಿ ನೋಡ್ದೆ?”

“ಚಾಮರಾಜನಗರದಲ್ಲಿ ಸಾ. ನಮ್ಮಾವನ ಮನೆ ಇತ್ಲಿಗೇ ಬತ್ತದೆ.”

“ಹೆಂಗಿದೆ?”

“ಕರ್ರಗದೆ ಸಾ. ಒಂದೇ ಕಣ್ಣು. ಎಲ್ರುನ್ನೂ ಎದ್ರುಸ್ತದೆ, ಕೆಂಪು ದೀಪ ಕಂಡ್ರೆ ಮಾತ್ರ ತಾನೇ ಎದ್ರುಕಂಡು ನಿಂತ್ಕತದೆ.”

ಚಾಮರಾಜನಗರದಲ್ಲಿ ನಮಗೆ ಮಾವನೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಅವಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರೋ ಕಾಣೆ. ಸಂಜೆಯಿಂದಲೇ ಊರಿನಲ್ಲಿ ರೈಲಿನ ಆಟ ಶುರುವಾಯಿತು. ಅಕ್ಕ ಎಂಜಿನ್ನು. ಅವಳ ಲಂಗದ ತುದಿ ಹಿಡಿದು ಏಳೆಂಟು ಮಕ್ಕಳು. ಎಲ್ಲರಿಗಿಂತ ಹಿಂದಿನ ಡಬ್ಬಿ ನಾನು. ಹಿಂದಿನಿಂದ ಯಾರೂ ನೋಡುವವರಿಲ್ಲದ ಆ ಜಾಗದಲ್ಲಿ ನನಗೆ ಹಾಯೆನಿಸುತ್ತಿತ್ತು. ಎಂಜಿನ್ನು ಓಡಿದ ಕಡೆಗೆ ನಾನೂ ಓಡಿದರೆ ಆಯಿತು.

ಆಟ ಬಿಟ್ಟು ಉಳಿದದ್ದೂ ಹಾಗೇ. ಬಳೆಗಾರನ ಹತ್ತಿರ ನನಗೆ ಹಸಿರು ಬೇಕು ಅಂತ ಹೇಳುವವಳು ಅಕ್ಕ. ಹಬ್ಬದ ಪಂಕ್ತಿಯಲ್ಲಿ ನನಗೆ ಇನ್ನೊಂದು ಒಬ್ಬಟ್ಟು ಹಾಕಿಸುವವಳು ಅಕ್ಕ. ಶಾಲೆಯಲ್ಲಿ, “ಸಾ, ನಮ್ ಚಿಕ್ಕತಾಯಿ ಆಚೆಗೋಗ್ಬೇಕಂತೆ” ಅಂತ ಎದ್ದು ನಿಲ್ಲುವವಳೂ ಅಕ್ಕ. ಅವಳಿಗೆ ಜ್ವರ ಬಂದ ಒಂದು ದಿನ ನಾನೊಬ್ಬಳೇ ಶಾಲೆಗೆ ಹೋದೆ. ಕೇಳಲು ಬಾಯಿ ಬರಲಿಲ್ಲ. ಮಧ್ಯಾಹ್ನದವರೆಗೆ ತಡೆದೆ, ಆಮೇಲೆ ತಡೆಯಲಾಗಲಿಲ್ಲ. ಮನೆಗೆ ಓಡಿದೆ. ಜ್ವರದಲ್ಲೇ ಎದ್ದು ಅಕ್ಕ ನನ್ನ ಲಂಗ ಒಗೆದು ಹಾಕಿದಳು, ಅವ್ವನಿಗೂ ಹೇಳಲಿಲ್ಲ. ಮಾರನೆಯ ದಿನ ನನ್ನನ್ನು ನೋಡಿ ನಕ್ಕ ಹುಡುಗನ ಸ್ಲೇಟು ಒಡೆದುಹೋಯಿತು. ಅದು ಹೇಗೆ ಒಡೆಯಿತು ಅಂತ ಮೇಷ್ಟ್ರಿಗೆ ಕೊನೆಗೂ ಗೊತ್ತಾಗಲಿಲ್ಲ.

ಅವ್ವನಿಗೂ ಹೇಳದಿದ್ದ ಆ ಕಥೆಯನ್ನು ಮೂವತ್ತು ವರ್ಷದ ಮೇಲೆ ಅಕ್ಕ ಹೇಳಿಬಿಟ್ಟಳು. ಹನೂರಿನಲ್ಲಿ ನನ್ನ ನಾದಿನಿಯ ಮನೆಯ ಗೃಹಪ್ರವೇಶ. ಊಟ ಮುಗಿದು ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಾರೋ, “ನಿಮ್ ತಂಗಿಗೆ ಮಾತೇ ಬರಲ್ವಲ್ಲ” ಅಂದರು. ಅಕ್ಕನಿಗೆ ಅಷ್ಟು ಸಾಕಾಯಿತು. ಶಾಲೆ, ಮೇಷ್ಟ್ರು, ಲಂಗ, ಎಲ್ಲ ಬಂತು. ನನ್ನ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಾದಿನಿ ಗೋಡೆಗೆ ಒರಗಿ ನಕ್ಕಳು. ನನಗೆ ಆ ಹೊಸ ಮನೆಯ ನೆಲ ಬಿರಿಯಬಾರದೇ ಅನಿಸಿತು.

ಬಾಯಿದ್ದವರು ಜಗಳ ಆಡುತ್ತಾರೆ, ಮಾರನೆಯ ದಿನ ಸರಿಹೋಗುತ್ತಾರೆ. ನಾಚಿಕೆಯವರಿಗೆ ಆ ಅನುಕೂಲವಿಲ್ಲ. ನಾನು ಸುಮ್ಮನಾದೆ. ಅಕ್ಕ ಗೌರಿಹಬ್ಬಕ್ಕೆ ಕರೆದಳು, ಮೈ ಸರಿಯಿಲ್ಲ ಅಂತ ಹೇಳಿಕಳಿಸಿದೆ. ಮಗನ ಕೈಯಲ್ಲಿ ಹಪ್ಪಳ ಕಳಿಸಿದಳು, ನಿಮ್ಮ ತಾತನ ಕೈಯಲ್ಲಿ ಖಾಲಿ ಡಬ್ಬಿ ವಾಪಸು ಕಳಿಸಿದೆ. ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆಯನ್ನೂ ಹಾಕದೆ. ನಮ್ಮಲ್ಲಿ ಬರಿದಾದ ಡಬ್ಬಿಯನ್ನು ಬರಿದಾಗಿ ಕೊಡುವುದಿಲ್ಲ ಅಂತ ಗೊತ್ತಿದ್ದೇ ಹಾಗೆ ಮಾಡಿದೆ. ನೆನೆದರೆ ಇವತ್ತೂ ಕೈ ಸುಟ್ಟಂತಾಗುತ್ತದೆ.

ಹೀಗೆ ಮೂರು ವರ್ಷ ಹೋಯಿತು. ಒಂದು ಸಂಜೆ ಶಾಗ್ಯದ ಅಂಗಡಿಯ ಫೋನಿಗೆ ಅಕ್ಕನ ಮಗ ನಾಗರಾಜ ಮೈಸೂರಿನಿಂದ ಮಾತಾಡಿದ. “ಚಿಕ್ಕವ್ವ, ಅವ್ವುನ್ಗೆ ನಾಳೆ ಎರಡು ಗಂಟೆಗೆ ಆಪರೇಶನ್ನು. ತಲೆ ಒಳಗೆ ಗಡ್ಡೆ ಅಂತವ್ರೆ. ಅದ್ಕೂ ಮುಂಚೆ ನಿನ್ನ ನೋಡ್ಬೇಕಂತೆ. ಮಾದಪ್ಪನ ಇಬೂತಿ ನಿನ್ ಕೈಯಾರೆ ಇಡ್ಬೇಕಂತೆ. ಬತ್ತೀಯ ತಾನೆ?”

“ಊಂ” ಅಂದೆ. ಅಷ್ಟೇ ಬಂತು.

ಕೊಳ್ಳೇಗಾಲದಿಂದ ಮೈಸೂರಿಗೆ ನೇರ ಬಸ್ಸಿತ್ತು. ಆದರೆ ಬಸ್ಸಿನಲ್ಲಿ ಎರಡು ಗಂಟೆ ಕೂತರೆ ನನಗೆ ವಾಂತಿ. ಆಸ್ಪತ್ರೆ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ ಅಂತ ನಾಗರಾಜ ಹೇಳಿದ್ದ. ನಿಮ್ಮ ತಾತ ಲೆಕ್ಕ ಹಾಕಿದರು. “ಚಾಮರಾಜನಗರದ ಗಂಟ ಬಸ್ಸು, ಅಲ್ಲಿಂದಾಚೆಗೆ ರೈಲು. ಕುಲುಕಾಟ ಇರಲ್ಲ, ನಿನ್ಗೂ ಸುಖ. ಅನ್ನೆರಡ್ಕೆಲ್ಲಾ ಓಗ್ಬುಡ್ಬೌದು” ಅಂದರು. ಯಾರದಾದರೂ ತಪ್ಪು ಹುಡುಕುವುದಾದರೆ ಇದರಲ್ಲಿ ಹುಡುಕಬೇಡಿ. ಅದು ನನ್ನ ಹೊಟ್ಟೆಯ ಮೇಲಿನ ಕರುಣೆಯಿಂದ ಹಾಕಿದ ಲೆಕ್ಕ.

ನಾನು ರೈಲು ಹತ್ತಿದ್ದು ಅದೇ ಮೊದಲು. ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದೆ. ಒಳಗೆ ಕೂತು ಕಂಡಕ್ಟರನ್ನು ಹುಡುಕಿದೆ. ನಿಮ್ಮ ತಾತ ನಗುವುದನ್ನು ಮೀಸೆಯೊಳಗೆ ತಡೆದುಕೊಂಡರು. ವಿಭೂತಿಯ ಪೊಟ್ಟಣ ಸೆರಗಿನ ಗಂಟಿನಲ್ಲಿತ್ತು. ಎದುರು ಸೀಟಿನಲ್ಲಿ ನನ್ನದೇ ವಯಸ್ಸಿನ ಒಬ್ಬ ದಪ್ಪ ಹೆಂಗಸು ಬುಟ್ಟಿ ತುಂಬ ವೀಳ್ಯದೆಲೆ ಇಟ್ಟುಕೊಂಡು ಕೂತಿದ್ದಳು. ರೈಲು ಓಡುತ್ತಿದ್ದಂತೆ ನನಗೆ ಒಂದೇ ಚಿಂತೆ. ಅಕ್ಕನ ಮುಂದೆ ನಿಂತು ಮೊದಲ ಮಾತು ಏನು ಆಡುವುದು? ‘ಹೇಗಿದ್ದೀಯ’ ಅಂದರೆ ಆಪರೇಶನ್ನಿಗೆ ಹೋಗುವವಳನ್ನು ಹೇಗಿದ್ದೀಯ ಅಂತ ಕೇಳಿದ ಹಾಗಾಗುತ್ತದೆ. ‘ತಪ್ಪಾಯಿತು’ ಅಂದರೆ ಎಲ್ಲರ ಎದುರು ಅಳು ಬರುತ್ತದೆ. ಒಂದೊಂದು ಮಾತನ್ನೂ ಬಾಯೊಳಗೆ ತಿರುವಿ ಬಿಟ್ಟೆ.

ಹತ್ತೂವರೆಯ ಸುಮಾರಿಗೆ ಒಂದು ಪುಟ್ಟ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಒಂದು ಬೇವಿನ ಮರ, ಒಂದು ನಲ್ಲಿ, ಒಂದು ಬೆಂಚು. ಮುಂದೆ ಕಂಬದ ಮೇಲೆ ಕೆಂಪು ದೀಪ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಗಂಡಸರೆಲ್ಲ ಇಳಿದು ಬೇವಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಬಿಳಿ ಬಟ್ಟೆ ಹಾಕಿದ ಗಾರ್ಡು ನಡೆದು ಬಂದಾಗ ನಿಮ್ಮ ತಾತ ಕೇಳಿದರು.

“ಏನ್ ಸಾ, ಯಾಕ್ ನಿಂತದೆ?”

“ಸಿಗ್ನಲ್ ಕೆಟ್ಟಿದೆ ಯಜಮಾನ್ರೇ. ಹಸಿರು ಬೀಳ್ತಿಲ್ಲ. ರಿಪೇರಿಯವರು ಬರಬೇಕು.”

“ಎಷ್ಟೊತ್ತಾದದು?”

“ಅದು ನನಗೆ ಗೊತ್ತಿದ್ದಿದ್ರೆ ನಾನ್ಯಾಕೆ ಬಿಸಿಲಲ್ಲಿ ಓಡಾಡ್ತಿದ್ದೆ?”

ಎಲೆ ಬುಟ್ಟಿಯ ಹೆಂಗಸು ಎದ್ದಳು. “ಇದ್ರ ನಂಬ್ಕಂಡು ಕುಂತ್ರೆ ನನ್ ಎಲೆಯೆಲ್ಲಾ ಬಾಡೋಯ್ತವೆ. ಅಗೋ ಅಲ್ಲೇ ರೋಡು, ಮೈಸೂರ್ ಬಸ್ಸು ಓಡಾಡ್ತಾವೆ. ಬಾರವ್ವ, ಇಳ್ಕಳವ” ಅಂದಳು. ಸ್ಟೇಷನ್ನಿನ ಹಿಂದೆ ಒಂದು ಗದ್ದೆಯ ಅಗಲ ದಾಟಿದರೆ ರಸ್ತೆ. ಅಲ್ಲಿ ಬಸ್ಸು ಹೋಗುವುದು ಕಿಟಕಿಯಿಂದಲೇ ಕಾಣುತ್ತಿತ್ತು.

ಆ ಸ್ಟೇಷನ್ನಿನ ಕಟ್ಟೆ ತೀರ ತಗ್ಗು. ಕೊನೆಯ ಮೆಟ್ಟಿಲಿಗೂ ನೆಲಕ್ಕೂ ನನ್ನ ಮೊಣಕಾಲಿಗೂ ಮೇಲಿನ ಎತ್ತರ. ಆ ಹೆಂಗಸು ಸೀರೆ ಎತ್ತಿಕಟ್ಟಿ, ಬಾಗಿಲಲ್ಲಿ ಕೂತು, “ಏಯ್, ಬುಟ್ಟಿ ಇಡ್ಕಳ್ರಪ್ಪ, ಆಮೇಲ್ ನನ್ನೂ ಇಡ್ಕಳಿ” ಅಂತ ಕೂಗಿ ದೊಪ್ಪೆಂದು ಇಳಿದಳು. ಬೇವಿನ ಮರದ ಕೆಳಗಿನವರೆಲ್ಲ ಹೋ ಅಂತ ನಕ್ಕರು. ಅವಳೂ ನಕ್ಕಳು. ನಿಮ್ಮ ತಾತ ಇಳಿದು ನನ್ನ ಕಡೆಗೆ ಕೈ ಚಾಚಿದರು.

“ಬಾ, ನಾನ್ ಇಡ್ಕತೀನಿ.”

“ಈಗ ಒರಡ್ತದೆ ಕಣ್ರಿ” ಅಂದೆ. “ನಮ್ ಬಸ್ಸೇ ಕಾಯ್ತದೆ, ಅಕ್ಕ ಕಾಯಲ್ವಾ?”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಗಿಲಿಗೆ ಬಂದರು. “ಒತ್ತಾಯ್ತಾ ಅದೆ. ಬಾ ಇಳಿ.”

“ಬಸ್ಸಲ್ಲಿ ನಂಗೆ ವಾಂತಿ ಆಯ್ತದೆ.”

ಮೂರನೆಯ ಸಲ ಅವರು ಒಂದು ಕಾಲನ್ನು ರೈಲಿನ ಮೆಟ್ಟಿಲ ಮೇಲೆ, ಒಂದನ್ನು ನೆಲದ ಮೇಲೆ ಇಟ್ಟು ನಿಂತಿದ್ದರು, ಥೇಟ್ ಶಾಗ್ಯದ ಬಸ್ಸಿಗೆ ನಿಂತ ಹಾಗೆ. ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಎಲೆಯವಳು ಗದ್ದೆಯ ಬದು ದಾಟಿ ರಸ್ತೆಗೆ ಸೇರಿದ್ದಳು. ಬಸ್ಸು ನಿಂತಿತು, ಬುಟ್ಟಿ ಮೇಲೆ ಹೋಯಿತು, ಅವಳೂ ಹತ್ತಿದಳು.

ನಾಚಿಕೆಯಿಂದ ಇಳಿಯಲಿಲ್ಲ ಅಂತ ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಅಷ್ಟು ಗಂಡಸರ ಎದುರು ಸೀರೆ ಎತ್ತಿ ಧುಮುಕುವುದು ಹೇಗೆ ಅಂತ. ಅದು ಅರ್ಧ ನಿಜ. ಉಳಿದರ್ಧವನ್ನು ಇವತ್ತು ಈ ಕಪ್ಪೆ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಆ ಕೆಂಪು ದೀಪ ಕಂಡಾಗ ನನಗೆ ಒಳಗೊಳಗೇ ಹಗುರವಾಗಿತ್ತು. ಅದು ಉರಿಯುತ್ತಿರುವಷ್ಟು ಹೊತ್ತು ನಾನು ಅಕ್ಕನ ಮುಖ ನೋಡಬೇಕಾಗಿರಲಿಲ್ಲ. ಮೊದಲ ಮಾತು ಹುಡುಕಲು ಇನ್ನಷ್ಟು ಸಮಯ ಸಿಕ್ಕಿತು ಅಂತ ಕೂತಿದ್ದೆ, ಅವಳ ಸಮಯವನ್ನು ಖರ್ಚು ಮಾಡಿಕೊಂಡು.

ಒಂದು ಗಂಟೆಯ ಹೊತ್ತಿಗೆ ಎದುರಿನಿಂದ ಒಂದು ರೈಲು ಬಂದು ದಾಟಿ ಹೋಯಿತು. ಆಮೇಲೆ ಸ್ಟೇಷನ್ನಿನವರೊಬ್ಬರು ಕೈಯಲ್ಲಿ ಒಂದು ಚೀಟಿ ಹಿಡಿದು ಎಂಜಿನ್ನಿನ ತನಕ ನಡೆದುಹೋಗಿ ಡ್ರೈವರಿಗೆ ಕೊಟ್ಟರು. ಸಿಗ್ನಲ್ ಕೆಟ್ಟಾಗ ಹಾಗೆ ಬರೆದುಕೊಟ್ಟರೆ ಹೋಗಬಹುದಂತೆ. ರೈಲು ಮೆಲ್ಲಗೆ ಹೊರಟಿತು. ಕಿಟಕಿಯಿಂದ ನೋಡಿದೆ. ಕೆಂಪು ದೀಪ ಉರಿಯುತ್ತಲೇ ಇತ್ತು. ಅದರ ಪಕ್ಕದಲ್ಲೇ ನಾವು ದಾಟಿ ಹೋದೆವು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎರಡು ಗಂಟೆ ದಾಟಿತ್ತು. ಅರ್ಧ ಮೆಟ್ಟಿಲು ಹತ್ತಿದಾಗ, ಅಷ್ಟು ದೂರದಿಂದ ಹುಡುಕುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು. ‘ಬಂದೆ ಕಣಕ್ಕ.’ ಇಷ್ಟೇ. ಬಾಯಲ್ಲಿ ಅದನ್ನೇ ಹಿಡಿದುಕೊಂಡು ಮೇಲೆ ಓಡಿದೆ. ನಾಗರಾಜ ಬಾಗಿಲಲ್ಲಿ ನಿಂತಿದ್ದ.

“ಈಗ್ತಾನೆ ಒಳಕ್ಕೆ ಕರ್ಕಂಡೋದ್ರು ಚಿಕ್ಕವ್ವ. ಅವ್ವ ಬಾಗ್ಲನ್ನೇ ನೋಡ್ತಿದ್ಲು. ನರ್ಸಮ್ಮುಂಗೆ, ‘ವಸಿ ತಡಿಯವ್ವ, ನನ್ ತಂಗಿಗೆ ಮಾತ್ ಬರಕ್ಕಿಲ್ಲ, ದಾರಿ ಕೇಳ್ಕಂಡ್ ಬರದು ತಡ ಆಯ್ತದೆ’ ಅಂತಿದ್ಲು. ಯಾಕಿಷ್ಟೊತ್ತು?”

ನಾನು ಬಾಯಿ ತೆರೆಯುವ ಮುಂಚೆ ನಿಮ್ಮ ತಾತ ಹೇಳಿದರು. “ಸಿಗ್ನಲ್ ಕೆಟ್ಟೋಗಿತ್ತು ಕಣಪ್ಪ. ಏನ್ ಮಾಡಕಾದದು?”

ಅಕ್ಕ ಮತ್ತೆ ಕಣ್ಣು ಬಿಡಲಿಲ್ಲ. ಮೂರನೆಯ ದಿನ ಹೋದಳು. ಆ ಮೂರು ದಿನದಲ್ಲಿ ಒಮ್ಮೆ ನನ್ನನ್ನು ಒಳಗೆ ಬಿಟ್ಟರು. ಸೆರಗಿನ ಗಂಟು ಬಿಚ್ಚಿ ವಿಭೂತಿ ಇಟ್ಟೆ. ಬಟ್ಟೆ ಸುತ್ತಿದ ತಲೆ, ಹಣೆ ಕಾಣುತ್ತಿದ್ದದ್ದು ಎರಡು ಬೆರಳಿನಷ್ಟು. ಕಿವಿಯ ಹತ್ತಿರ ಬಗ್ಗಿ, “ಬಂದೆ ಕಣಕ್ಕ” ಅಂದೆ. ಪಕ್ಕದ ಮಂಚದವರು ನನ್ನನ್ನೇ ನೋಡುತ್ತಿದ್ದರು. ಆ ದಿನ ನನಗೆ ನಾಚಿಕೆಯಾಗಲಿಲ್ಲ.

ಬಂದ ನೆಂಟರೆಲ್ಲ ಕೇಳಿದರು, ಯಾಕೆ ತಡವಾಯಿತು ಅಂತ. ನಿಮ್ಮ ತಾತ ಎಲ್ಲರಿಗೂ ಅದೇ ಹೇಳಿದರು. ಎಲೆಯವಳ ಸುದ್ದಿ ಎತ್ತಲಿಲ್ಲ, ಬಸ್ಸಿನ ಸುದ್ದಿ ಎತ್ತಲಿಲ್ಲ. ಮೂರು ಸಲ ಬಾಗಿಲಿಗೆ ಬಂದದ್ದು ನಮ್ಮಿಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ನಾನಂತೂ ತಿಂಗಳುಗಟ್ಟಲೆ ಮಾತೇ ಇಲ್ಲದೆ ಇದ್ದೆ. ಒಂದು ದಿನ ಮುದ್ದೆ ತಿರುವುತ್ತ ಎಲ್ಲೋ ನೋಡುತ್ತ ನಿಂತುಬಿಟ್ಟಿದ್ದೆ. ತಟ್ಟೆಯ ಮುಂದೆ ಕೂತಿದ್ದ ಅವರು, “ಏನಮ್ಮಿ, ಸಿಗ್ನಲ್ ಕೆಟ್ಟದಾ?” ಅಂದರು. ನಾನು ಗಾಬರಿಯಾಗಿ ತಿರುಗಿದೆ. ಅವರು ನಗುತ್ತಿದ್ದರು, ಕಣ್ಣಲ್ಲಿ ಚುಚ್ಚುವುದು ಏನೂ ಇರಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಆಗ ಚಿಕ್ಕವಳಾಗಿದ್ದ ನಿಮ್ಮಮ್ಮ ಅದನ್ನು ಕೇಳಿಸಿಕೊಂಡು ಮಾರನೆಯ ದಿನದಿಂದ ಎಲ್ಲದಕ್ಕೂ ಹೇಳತೊಡಗಿದಳು. ಮಾತು ಮನೆಯದಾಯಿತು.

‘ನೀವು ಕರೆದಾಗ ನಾನು ಇಳಿಯಬೇಕಿತ್ತು ಕಣ್ರಿ’ ಅಂತ ಅವರಿಗೊಂದು ಮಾತು ಹೇಳಬೇಕು ಅಂತ ಇತ್ತು. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಅವರ ಕೆಮ್ಮು ವಾಸಿಯಾಗಲಿ ಅಂತಲೇ ಇದ್ದೆ. ಕೆಮ್ಮು ವಾಸಿಯಾಗಲಿಲ್ಲ. ಅವರು ಹೋಗಿ ಈಗ ನಾಲ್ಕು ವರ್ಷ. ನೋಡಿ, ಒಂದು ಸಲ ಪಾಠ ಕಲಿತವಳು ಅದೇ ಪರೀಕ್ಷೆಯಲ್ಲಿ ಎರಡನೇ ಸಲವೂ ಫೇಲಾದಳು.

ಸಿಂಚನ, ನಿನ್ನೆ ನಾನೇ ನಿಮ್ಮಮ್ಮನ ಕೈಯಲ್ಲಿ ಕಾವ್ಯಳಿಗೆ ಫೋನ್ ಮಾಡಿಸಿದೆ. ಶನಿವಾರ ಅವಳ ರೈಲು ಹನ್ನೊಂದಕ್ಕೆ ಚಾಮರಾಜನಗರಕ್ಕೆ ಬರುತ್ತದಂತೆ. ನಾನು, ನೀನು ಸ್ಟೇಷನ್ನಿಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಏಳಕ್ಕೇ ಹೊರಡೋಣ. ಬಸ್ಸಿನಲ್ಲಿ ವಾಂತಿಯಾದರೆ ಆಗಲಿ, ನಿಂಬೆಹಣ್ಣು ಇಟ್ಟುಕೊಂಡಿದ್ದೇನೆ. ರೈಲು ತಡವಾದರೆ ಬೆಂಚಿನ ಮೇಲೆ ಕೂತು ಕಾಯೋಣ. ಕಾವ್ಯ, ನೀನು ಇದನ್ನು ಓದುವುದು ಮನೆಗೆ ಬಂದ ಮೇಲೆ. ಅಷ್ಟರೊಳಗೆ ಇದು ನಿನಗೆ ಬೇಕಾಗದೆ ಹೋಗಲಿ.

ಸಿಂಚನ, ಅವಳು ಇಳಿದಾಗ ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಬೇಡ. ಫೋಟೊ ಸುದ್ದಿ ಆಮೇಲೆ ಬರಲಿ. ‘ಬಂದ್ಯಾ’ ಅನ್ನು. ನನಗೂ ಆ ದಿನ ಅಷ್ಟು ಸಾಕಿತ್ತು. ಬಾಗಿಲಲ್ಲಿ ನಿಂತು, ಬಂದೆ ಕಣಕ್ಕ ಅಂದಿದ್ದರೆ, ಉಳಿದದ್ದನ್ನೆಲ್ಲ ನನ್ನ ಪರವಾಗಿ ಅಕ್ಕನೇ ಮಾತಾಡುತ್ತಿದ್ದಳು.